ನಾಲ್ಕನೇ ಕುರ್ಚಿಗೆ ಬಂದ ಪ್ರಶ್ನೆ

ಮಹಾಲಿಂಗಯ್ಯ ಮೇಷ್ಟ್ರ ಹೆಸರು ನಾನು ಮೊದಲು ಕೇಳಿದ್ದು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ. ಹುಲಿಯೂರುದುರ್ಗದ ನಮ್ಮಕ್ಕ ನಿಂಗಮ್ಮನ ಹಿತ್ತಿಲಲ್ಲಿ ಇಬ್ಬರೂ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆವು. ಅಕ್ಕ ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದಳು. ನಾನು ಗುಬ್ಬಿಯ ಶಾಲೆಯಲ್ಲಿ ಅದೇ ಕೆಲಸಕ್ಕಿದ್ದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ದೇವೀರಿಗೆ ಆರು ತುಂಬಿ ಏಳು.

"ನಮ್ಮ ಪಾವು ಮೇಷ್ಟ್ರು ನಿಮ್ಮೂರಿಗೆ ವರ್ಗ ಆಗವ್ರೆ ಕಣೇ ರಂಗಿ. ಹುಷಾರಾಗಿರು" ಅಂದಳು ಅಕ್ಕ.

"ಪಾವು ಮೇಷ್ಟ್ರು ಅಂದ್ರೆ?"

"ಉಪ್ಪಿಟ್ಟನ್ನ ಪಾವಲ್ಲಿ ಅಳೀತಾರೆ. ಅಳ್ದು, ಮೇಲೆ ಬೆತ್ತ ಬೇರೆ ಸವರ್ತಾರೆ. ನಾಕು ಕಾಳು ಎದ್ದು ನಿಂತಿದ್ರೂ ವಾಪಸ್ ಪಾತ್ರೆಗೆ. ನಿನ್ನ ಮಗೀಗೆ ಒಂದು ತುತ್ತು ಜಾಸ್ತಿ ಹಾಕಿದ್ಯೋ, ಸಿಕ್ಕಾಕ್ಕಂಡೆ."

ನಾನು ನಕ್ಕುಬಿಟ್ಟೆ. ಉಪ್ಪಿಟ್ಟಿನ ಮೇಲೆ ಬೆತ್ತ ಸವರುವ ಗಂಡಸು ಇದ್ದಾನೆಂದರೆ ಯಾರು ನಂಬುತ್ತಾರೆ?

ಜೂನ್ ತಿಂಗಳಲ್ಲಿ ಬಂದರು. ಸಣ್ಣ ಆಳು, ಬಿಳೀ ಪಂಚೆ, ಕಂಕುಳಲ್ಲಿ ಕೊಡೆ. ಹೆಂಡತಿ ಸರ್ವಮಂಗಳಮ್ಮನವರಿಗೆ ಎದೆಯ ಕಾಯಿಲೆ. ವಾರಕ್ಕೊಂದು ಸಲ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಮಕ್ಕಳಿರಲಿಲ್ಲ. ಮೂರನೇ ದಿನವೇ ಹಿತ್ತಾಳೆ ಪಾವು ಹಿಡಿದುಕೊಂಡು ನನ್ನ ಒಲೆಯ ಹತ್ತಿರ ಬಂದು ನಿಂತರು. ನಾನು ಅಭ್ಯಾಸದ ಹಾಗೆ ದೇವೀರಿಯ ತಟ್ಟೆಗೆ ಗೋಪುರದ ಹಾಗೆ ಬಡಿಸಿದ್ದೆ. ಮೇಷ್ಟ್ರು ಮಗುವಿನ ತಟ್ಟೆ ತೆಗೆದು, ಪಾವಿಗೆ ಸುರಿದು, ಬೆತ್ತ ಸವರಿ, ಮಿಕ್ಕಿದ್ದನ್ನು ಪಾತ್ರೆಗೆ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ತಂದೆಯಿಲ್ಲದ ಮಗುವಿನ ತಟ್ಟೆಗೆ ಕೈ ಹಾಕಿದರಲ್ಲ ಅನ್ನಿಸಿತು.

ಅಷ್ಟರಲ್ಲಿ ಚನ್ನವೀರಯ್ಯನವರ ಮಗ ಪ್ರಸಾದ ಬಂದ. ಚನ್ನವೀರಯ್ಯನವರದು ಅಕ್ಕಿ ಗಿರಣಿ, ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು. ಆ ಹುಡುಗ ಮನೆಯಲ್ಲಿ ತುಪ್ಪದ ದೋಸೆ ತಿಂದು ಬಂದರೂ ಉಪ್ಪಿಟ್ಟಿಗೆ ಮಾತ್ರ ಎಲ್ಲರಿಗಿಂತ ಮುಂದೆ. ಅವನಿಗೂ ಅದೇ ಪಾವು, ಅದೇ ಬೆತ್ತ.

"ನಮ್ಮಪ್ಪಂಗೆ ಹೇಳ್ತೀನಿ" ಅಂದ ಹುಡುಗ.

"ಹೇಳಪ್ಪ. ಅವರು ಬಂದ್ರೆ ಅವರಿಗೂ ಇಷ್ಟೇ ಹಾಕೋದು."

ಸಾಲಿನಲ್ಲಿ ನಿಂತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ನನ್ನ ಉರಿ ಆವತ್ತೇ ಆರಿತು. ಆಮೇಲೆ ಆರು ವರ್ಷ ನಾನು ಬೇಯಿಸಿದ್ದನ್ನು ಅವರು ಅಳೆದರು. ನಮ್ಮ ಶಾಲೆಯಲ್ಲಿ ಉಪ್ಪಿಟ್ಟಿಗಾಗಿ ಒಂದು ಜಗಳವೂ ಆಗಲಿಲ್ಲ.

ಎಂಬತ್ತೈದರಲ್ಲಿ ಚನ್ನವೀರಯ್ಯನವರ ಮನೆಗೆ ಟಿವಿ ಬಂತು. ತೆಂಗಿನ ಮರದಷ್ಟೆತ್ತರದ ಕಂಬಕ್ಕೆ ಆಂಟೆನಾ ಕಟ್ಟಿಸಿದರು. ಭಾನುವಾರ ಸಂಜೆ ಕೇರಿಯೆಲ್ಲ ಅವರ ಹಜಾರದಲ್ಲಿ. ಚಾಪೆಯ ಮೇಲೆ ಮಕ್ಕಳು, ಕಿಟಕಿಯ ಹೊರಗೆ ನಮ್ಮಂಥವರು. ಅದರಲ್ಲಿ ಪ್ರಶ್ನೆ ಕೇಳುವ ಆಟ ಒಂದು ಬರುತ್ತಿತ್ತು, ಪೂರ್ತಿ ಇಂಗ್ಲಿಷಿನಲ್ಲಿ. ನಮಗೆ ಒಂದಕ್ಷರ ತಿಳಿಯದಿದ್ದರೂ ಗೆದ್ದವರು ಯಾರು, ಸೋತವರು ಯಾರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಮೇಷ್ಟ್ರು ಮಾತ್ರ ಬಾಗಿಲ ಪಕ್ಕ ನಿಂತು ನೋಟ್ ಬುಕ್ಕಿನಲ್ಲಿ ಏನೇನೋ ಬರೆದುಕೊಳ್ಳುತ್ತಿದ್ದರು.

ಮಾರನೇ ದಿನ ಒಲೆಯ ಮುಂದೆ ನನಗೆ ವಿವರಿಸಿದರು. "ಒಬ್ರಿಗೆ ಬಾರದ ಪ್ರಶ್ನೆ ಪಕ್ಕದೋರಿಗೆ ಹೋಗುತ್ತೆ ರಂಗಮ್ಮ. ಅದಕ್ಕೆ ಪಾಸ್ ಅಂತಾರೆ. ಮುಂದಿನ ಪ್ರಶ್ನೆ ಎರಡನೆಯೋರಿಂದ ಶುರು, ಅದರ ಮುಂದಿನದು ಮೂರನೆಯೋರಿಂದ. ಎಲ್ರಿಗೂ ಒಂದೊಂದ್ಸಲ ಮೊದಲ ಸರದಿ ಬರುತ್ತೆ. ನಮ್ಮ ಪಾವಿದ್ದ ಹಂಗೇ ಇದೆ ನೋಡು."

ನವೆಂಬರಿನ ಮಕ್ಕಳ ದಿನಾಚರಣೆಗೆ ಶಾಲೆಯಲ್ಲೂ ಅಂಥದ್ದೇ ಒಂದು ಆಟ, ಕನ್ನಡದಲ್ಲಿ, ಅಂತ ತೀರ್ಮಾನವಾಯಿತು. ಚನ್ನವೀರಯ್ಯನವರು ಉಬ್ಬಿಹೋದರು. ತುಮಕೂರಿನಲ್ಲಿ ಅವರ ಬಳಗದವರದು ಒಂದು ಟ್ರಸ್ಟ್ ಇತ್ತು. "ಗೆದ್ದ ಮಗು ಗಂಡಾಗಲಿ ಹೆಣ್ಣಾಗಲಿ, ನಮ್ಮ ಟ್ರಸ್ಟಿನ ಹೈಸ್ಕೂಲಲ್ಲಿ ಸೀಟು, ಹಾಸ್ಟೆಲಲ್ಲಿ ಊಟ, ಮೂರು ವರ್ಷ" ಅಂತ ಎಲ್ಲರ ಮುಂದೆ ಹೇಳಿದರು.

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ದೇವೀರಿ ಆಗ ಏಳನೇ ಕ್ಲಾಸು. ನನ್ನ ಮೈದುನ ದ್ಯಾವಪ್ಪ ಆಗಲೇ ಹೇಳಿಬಿಟ್ಟಿದ್ದ: "ಏಳು ಮುಗೀಲಿ ಅತ್ತಿಗೆ, ಆಮೇಲೆ ಸಾಕು. ಊದಿನಕಡ್ಡಿ ಹೊಸೆಯೋಕೆ ಕೂರ್ಲಿ. ಹೆಣ್ಣುಮಗ ಓದಿ ಯಾರನ್ನ ಉದ್ಧಾರ ಮಾಡ್ಬೇಕು?" ನಾವಿದ್ದದ್ದು ಅವನ ಸೂರಿನಡಿ. ಆ ಸೀಟು ಸಿಕ್ಕರೆ ಮಾತ್ರ ಮಗಳು ಓದುತ್ತಾಳೆ, ಇಲ್ಲದಿದ್ದರೆ ಇಲ್ಲ. ಅದು ಅವಳಿಗೂ ಗೊತ್ತಿತ್ತು.

ಮೇಷ್ಟ್ರು ಮೊದಲು ಬರೆಯುವ ಪರೀಕ್ಷೆ ಇಟ್ಟು ನಾಲ್ಕು ಮಕ್ಕಳನ್ನು ಆರಿಸಿದರು. ದೇವೀರಿ ಮೊದಲನೆಯವಳು. ಪ್ರಸಾದ ನಾಲ್ಕನೆಯವನು. ಕುರ್ಚಿ ಹಾಕುವ ಹೊತ್ತಿಗೆ ಅದು ತಿರುಗಮುರುಗ ಆಯಿತು. ಅಧ್ಯಕ್ಷರ ಮಗ ಮೊದಲನೇ ಕುರ್ಚಿ, ಉಪ್ಪಿಟ್ಟಿನವಳ ಮಗಳು ಕೊನೇ ಕುರ್ಚಿ. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆದರೆ ಚನ್ನವೀರಯ್ಯನವರಿಗೆ ಅಷ್ಟು ಸಾಲಲಿಲ್ಲ.

"ಅದೇನ್ರೀ ಮೇಷ್ಟ್ರೇ, ಎರಡನೇ ಪ್ರಶ್ನೆ ಎರಡನೇ ಕುರ್ಚಿಯಿಂದ ಶುರು ಅಂತೀರಿ? ಮದುವೆ ಮನೇಲಿ ಮೊದಲನೇ ಎಲೆಗೆ ಪಲ್ಯ ಬಡಿಸಿ, ಪಾಯಸಕ್ಕೆ ಎರಡನೇ ಎಲೆಯಿಂದ ಶುರು ಮಾಡ್ತಾರಾ? ಮೊದಲನೇ ಎಲೆ ಕೊನೇತನಕ ಮೊದಲನೇ ಎಲೆನೇ."

"ಟಿವಿಯಲ್ಲಿ ಹಂಗಿಲ್ಲ ಸ್ವಾಮಿ, ಸರದಿ ಬದಲಾಗುತ್ತೆ."

"ಟಿವಿ ದೊಡ್ಡೋರಿಗೆ. ಇವು ಮಕ್ಳು. ಮಕ್ಳಿಗೆ ತಕ್ಕಂಗೆ ಸ್ವಲ್ಪ ಹೆಚ್ಚುಕಮ್ಮಿ ಮಾಡ್ಕೊಳ್ಳಿ."

ಮೇಷ್ಟ್ರು ನೋಟ್ ಬುಕ್ಕು ಮುಚ್ಚಿದರು. ಆಮೇಲೆ "ಆಗಲಿ" ಅಂದರು. ಅವರು ಸೋತದ್ದು ಅಲ್ಲೇ ಅಂತ ನನಗೆ ಈಗ ಅನ್ನಿಸುತ್ತದೆ. ಒಂದು ಪಾವು ಓರೆಯಾದ ಮೇಲೆ ಬೆತ್ತ ಸವರಿ ಏನು ಬಂತು?

ನಿಯಮ ಹೀಗಿತ್ತು. ಹತ್ತು ಪ್ರಶ್ನೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಓದಿ ಹೇಳುತ್ತಾರೆ, ಒಂದು ಸರಿ. ಸರಿ ಹೇಳಿದರೆ ಹತ್ತು ಮಾರ್ಕು, ತಪ್ಪು ಹೇಳಿದರೆ ಐದು ಕಡಿತ, ಪಾಸ್ ಅಂದರೆ ಏನೂ ಇಲ್ಲ; ತಪ್ಪಿದರೂ ಪಾಸ್ ಅಂದರೂ ಪ್ರಶ್ನೆ ಪಕ್ಕದವರಿಗೆ. ಪ್ರತಿ ಪ್ರಶ್ನೆಯೂ ಪ್ರಸಾದನಿಂದಲೇ ಶುರು.

ಅವನ ಅಜ್ಜಿ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು ಹೇಳಿ ಕಳಿಸಿದ್ದರಂತೆ: "ಪಾಸ್ ಗೀಸ್ ಅಂತ ಬಾಯಲ್ಲಿ ಬರಬಾರ್ದು ಕಣೋ. ನಮ್ಮನೇಲಿ ಎಲೆ ಮುಂದೆ ಕೂತು ಬ್ಯಾಡ ಅಂತ ಎದ್ದೋರಿಲ್ಲ."

ಶಾಮಿಯಾನದಡಿ ಊರೆಲ್ಲ ಸೇರಿತ್ತು. ನಾನು ಪರದೆಯ ಪಕ್ಕ ನೀರಿನ ಬಿಂದಿಗೆ ಹಿಡಿದು ನಿಂತಿದ್ದೆ. ಮೊದಲನೇ ಪ್ರಶ್ನೆ ಪ್ರಸಾದನಿಗೆ ಬರಲಿಲ್ಲ. ಬರುವುದಿಲ್ಲ ಅನ್ನಲಾರದೆ ಏನೋ ಒಂದು ಹೇಳಿದ. ಐದು ಹೋಯಿತು. ಅದನ್ನು ನೋಡಿ ಎರಡನೇ ಮೂರನೇ ಮಕ್ಕಳಿಗೆ ನಡುಕ ಹತ್ತಿತು. "ಪಾಸ್", "ಪಾಸ್" ಅಂದುಬಿಟ್ಟವು. ಪ್ರಶ್ನೆ ದೇವೀರಿಗೆ ಬಂತು. ಎದ್ದು ನಿಂತು, ಲಂಗದ ಅಂಚು ಮುಷ್ಟಿಯಲ್ಲಿ ಹಿಡಿದು ಹೇಳಿದಳು. ಹತ್ತು.

ಹಾಗೇ ನಡೆಯಿತು. ಪ್ರಸಾದ ಒಂದಕ್ಕೆ ಸರಿ ಹೇಳಿದ, ಐದಕ್ಕೆ ತಪ್ಪು ಹೇಳಿದ. ಅವನು ತಪ್ಪಿದ್ದು, ನಡುವಿನವರು ಹೆದರಿ ದಾಟಿಸಿದ್ದು, ಎಲ್ಲ ಹರಿದು ಬಂದು ಕೊನೇ ಕುರ್ಚಿಯಲ್ಲಿ ನಿಲ್ಲುತ್ತಿತ್ತು. ಒಂದು ತಪ್ಪು ಉತ್ತರ ಆಗಲೇ ಕಳೆದುಹೋಗಿರುತ್ತಿತ್ತು, ಯೋಚನೆಗೆ ಹೊತ್ತೂ ಸಿಗುತ್ತಿತ್ತು. ಗೌರವ ಅಂತ ತೆಗೆದುಕೊಂಡ ಕುರ್ಚಿಯೇ ಆ ಹುಡುಗನನ್ನು ತಿನ್ನುತ್ತಿತ್ತು. ಆರು ಪ್ರಶ್ನೆ ಮುಗಿದಾಗ ಬೋರ್ಡಿನ ಮೇಲೆ ದೇವೀರಿಗೆ ನಲವತ್ತು. ಪ್ರಸಾದನಿಗೆ ಹದಿನೈದು, ಅದರ ಮುಂದೆ ಒಂದು ಗೀಟು.

"ಹದಿನೈದರ ಮುಂದೆ ಅದ್ಯಾಕೆ ಗೀಟು ಹಾಕವ್ರೆ?" ಅಜ್ಜಿ ಜೋರಾಗಿ ಕೇಳಿದರು.

ಹಿಂದಿನಿಂದ ಯಾರೋ ಕೂಗಿದರು. "ಮೊಮ್ಮಗ ಹಗೇವಿಗೆ ಇಳಿದವ್ನೆ ಅಜ್ಜಿ! ನೆಲದಿಂದ ಕೆಳಕ್ಕೆ! ಹಗ್ಗ ಬುಡಿ!"

ರಾಗಿ ತುಂಬುವ ಗುಂಡಿಗೆ ಇಳಿದ ಹುಡುಗನನ್ನು ನೆನೆದು ಶಾಮಿಯಾನವೇ ನಕ್ಕಿತು. ನಾನೂ ನಕ್ಕೆ. ಪ್ರಸಾದನ ಕೆಳತುಟಿ ಅದುರುತ್ತಿದ್ದದ್ದು ಕಂಡರೂ ನಕ್ಕೆ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಏಳನೇ ಪ್ರಶ್ನೆ. "ಶಿಂಷಾ ನದಿ ಹುಟ್ಟುವುದು ಎಲ್ಲಿ? ಶಿವಗಂಗೆ, ನಂದಿ, ದೇವರಾಯನದುರ್ಗ, ಹುಲಿಯೂರುದುರ್ಗ."

"ನಂದಿ" ಅಂದ ಪ್ರಸಾದ, ಅಳುವ ದನಿಯಲ್ಲಿ. ತಪ್ಪು. ಪಾಸ್. ಪಾಸ್. ದೇವೀರಿ ಎದ್ದು ನಿಂತಳು. ಬಾಯಿ ತೆರೆದಳು. ಅಷ್ಟರಲ್ಲಿ ಚನ್ನವೀರಯ್ಯನವರು ಎದ್ದು, "ಒಂದ್ನಿಮಿಷ ಮೇಷ್ಟ್ರೇ" ಅಂತ ಪರದೆಯ ಹಿಂದೆ ಬಂದರು. ನಾನಿರುವುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

"ಏನ್ರೀ ಇದು? ಪಾಸಾಗಿ ಬಂದಿದ್ದಕ್ಕೂ ಹತ್ತು ಮಾರ್ಕಾ? ಬೇರೆಯೋರು ಮುಟ್ಟಿ ಬಿಟ್ಟಿದ್ದಕ್ಕೆ?"

"ನಿಯಮ ಮೊದಲೇ ಓದಿ ಹೇಳಿದ್ನಲ್ಲ ಸ್ವಾಮಿ."

"ಮಕ್ಕಳ ಆಟಕ್ಕೆ ಎಂಥ ನಿಯಮ ರೀ? ಮಗು ಅಳ್ತಾ ಇದೆ, ಕಣ್ಣು ಕಾಣಲ್ವಾ? ಆ ಕಡಿತ ತೆಗೀರಿ. ಪಾಸಿನ ಮಾರ್ಕೂ ತೆಗೀರಿ. ಮೊದಲಿಂದ ಬಂದಿದ್ದಕ್ಕೇ ತೆಗೀರಿ."

"ಎಲ್ಲ ಪ್ರಶ್ನೆನೂ ಮೊದಲನೇ ಕುರ್ಚಿಗೇ ತಾನೇ ಕೇಳೋದು? ಪಾಸಿಗೆ ಮಾರ್ಕಿಲ್ಲ ಅಂದ್ರೆ ಮಿಕ್ಕ ಮೂವರು ಯಾಕೆ ಕೂತಿರೋದು?"

ಚನ್ನವೀರಯ್ಯನವರು ದನಿ ತಗ್ಗಿಸಿದರು. "ಸರ್ವಮಂಗಳಮ್ಮನೋರು ಹೆಂಗವ್ರೆ? ವಾರ ವಾರ ಆಸ್ಪತ್ರೆಗೆ ಇಲ್ಲಿಂದ ಅನುಕೂಲ ಅಲ್ವಾ? ಪಾವಗಡದ ಕಡೆ ಒಂದು ಜಾಗ ಖಾಲಿ ಐತೆ ಅಂತ ಆಫೀಸಲ್ಲಿ ಅಂತಿದ್ರು."

ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಮೇಷ್ಟ್ರು ತಿರುಗಿ ನನ್ನ ಮುಖ ನೋಡಿದರು. ಆ ನೋಟ ನನಗೆ ಈಗಲೂ ಎದುರಿಗಿದೆ. ನಾನು ಒಂದು ಮಾತು ಹೇಳಬಹುದಿತ್ತು. ಆದರೆ ನನ್ನ ಕೆಲಸವೂ ಆ ಕಮಿಟಿಯದೇ. ನಾನು ಬಿಂದಿಗೆಯೊಳಗಿನ ನೀರು ನೋಡಿದೆ.

ಅವರು ವೇದಿಕೆಗೆ ಹೋಗಿ, ಪಾಸಾಗಿ ಬಂದ ಪ್ರಶ್ನೆಗೆ ಮಾರ್ಕಿಲ್ಲ ಅಂತ ಹೇಳಿ, ಡಸ್ಟರ್ ತೆಗೆದುಕೊಂಡು, ತಮ್ಮ ಕೈಯಾರೆ ಆ ನಲವತ್ತನ್ನು ಒರೆಸಿದರು. ಪ್ರಸಾದನ ಹೆಸರಿನ ಮುಂದೆ ಹತ್ತು ಅಂತ ಬರೆದರು. ದೇವೀರಿ ಇನ್ನೂ ನಿಂತೇ ಇದ್ದಳು. "ಕೂತ್ಕೋಮ್ಮ" ಅಂದರು. ಅವಳ ಕಡೆ ನೋಡದೆ ಅಂದರು. ಉಳಿದ ಮೂರು ಪ್ರಶ್ನೆಗಳಲ್ಲಿ ಪ್ರಸಾದ ಒಂದಕ್ಕೆ ಸರಿ ಹೇಳಿದ. ಇಪ್ಪತ್ತು ಮಾರ್ಕಿಗೆ ಗೆದ್ದ. ಮಿಕ್ಕವರಿಗೆಲ್ಲ ಸೊನ್ನೆ. ಜನ ಚಪ್ಪಾಳೆ ತಟ್ಟಿದರು. ನಕ್ಕ ಬಾಯಿಗಳೇ ತಾನೆ, ಕೈ ತಟ್ಟುವುದಕ್ಕೇನು ಕಷ್ಟ?

ಮನೆಗೆ ನಡೆಯುವಾಗ ದಾರಿಯಲ್ಲಿ ಗಿರಣಿಯ ಆಳೊಬ್ಬ ಹಲ್ಲು ಕಿರಿದ. "ಏನಮ್ಮಿ, ಎಂಜಲು ಮಾರ್ಕೆಲ್ಲ ಒರೆಸಿ ಹಾಕುಬುಟ್ರಾ?"

ದೇವೀರಿ ಸ್ವಲ್ಪ ದೂರ ಬಂದ ಮೇಲೆ ಕೇಳಿದಳು, "ಅವ್ವ, ನಂಗೆ ಬಂದಿದ್ದು ಎಂಜಲು ಪ್ರಶ್ನೆನಾ?"

"ಅಲ್ಲ ಕಣೇ."

"ಮತ್ತೆ ಮೇಷ್ಟ್ರು ಯಾಕೆ ಒರೆಸಿದ್ರು?"

ಪರದೆಯ ಹಿಂದೆ ಕೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಪ್ರಸಾದ ಆ ಸೀಟು ತೆಗೆದುಕೊಳ್ಳಲೂ ಇಲ್ಲ. ಅವನನ್ನು ಬೆಂಗಳೂರಿನ ಕಾನ್ವೆಂಟಿಗೆ ಸೇರಿಸಿದರು. ಖಾಲಿಯಾದ ಸೀಟನ್ನು ದೇವೀರಿಗೆ ಕೊಡಿ ಅಂತ ಮೇಷ್ಟ್ರು ಎರಡು ಸಲ ಚನ್ನವೀರಯ್ಯನವರ ಹಜಾರಕ್ಕೆ ಹೋಗಿ ನಿಂತರಂತೆ. "ಸೊನ್ನೆ ಮಾರ್ಕು ತಗೊಂಡ ಮಗೀಗೆ ಸೀಟು ಕೊಟ್ರೆ ಟ್ರಸ್ಟಿನೋರು ನಗಲ್ವೇನ್ರೀ? ಮಾರ್ಕು ಬರೆದೋರು ನೀವೇ" ಅಂದರಂತೆ ಅವರು. ಏಳನೇ ಕ್ಲಾಸು ಮುಗಿದ ವಾರವೇ ದ್ಯಾವಪ್ಪ ಊದಿನಕಡ್ಡಿ ಹೊಸೆಯುವ ಮಣೆ ತಂದು ಮಗಳ ಮುಂದೆ ಇಟ್ಟ.

ಆ ದಿನದ ಮೇಲೆ ಮೇಷ್ಟ್ರು ಪಾವು ಮುಟ್ಟಲಿಲ್ಲ. "ನೀನೇ ಬಡಿಸಿಬಿಡು ರಂಗಮ್ಮ" ಅನ್ನುತ್ತಿದ್ದರು. ನಾನು ಎಷ್ಟೇ ಸಮ ಮಾಡಿ ಬಡಿಸಿದರೂ ಮಕ್ಕಳು ಜಗಳಕ್ಕೆ ಬೀಳುತ್ತಿದ್ದವು. ಮುಂದಿನ ವರ್ಷ ಸರ್ವಮಂಗಳಮ್ಮನವರು ತೀರಿಕೊಂಡರು. ಯಾರಿಗಾಗಿ ಆ ಕೈ ಒರೆಸಿತ್ತೋ ಆ ಜೀವವೇ ಉಳಿಯಲಿಲ್ಲ. ಹನ್ನೊಂದನೇ ದಿನ ಪಾತ್ರೆ ತೊಳೆಯುವುದಕ್ಕೆ ಹೋಗಿದ್ದೆ. ಮೇಷ್ಟ್ರು ಜಗುಲಿಯಲ್ಲಿ ಕೂತು, "ಅವಳಿಗೆ ನಾನು ಹೇಳಿರ್ಲಿಲ್ಲ ರಂಗಮ್ಮ. ಹೇಳಿದ್ರೆ ಪಾವಗಡಕ್ಕೇ ನಡೀರಿ ಅಂತಿದ್ಲು" ಅಂದರು.

ಅವರು ತಾವೇ ಕೇಳಿಕೊಂಡು ಹುಲಿಯೂರುದುರ್ಗಕ್ಕೆ ವಾಪಸ್ ಹೋದರು, ಅಲ್ಲೇ ರಿಟೈರ್ ಆದರು. ನಮ್ಮ ಶಾಲೆಯ ಉಪ್ಪಿಟ್ಟೂ ನಿಂತಿತು. ನಾನು ಮಗಳನ್ನು ಕರೆದುಕೊಂಡು ತುಮಕೂರಿಗೆ ಬಂದು, ಬಟವಾಡಿಯಲ್ಲಿ ಒಂದು ಕೋಣೆ ಹಿಡಿದೆ. ದೇವೀರಿ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಸೇರಿದಳು. ಒಂದು ಭಾನುವಾರ ಮೇಷ್ಟ್ರು ವಿಳಾಸ ಹುಡುಕಿಕೊಂಡು ಬಂದರು, ಕೈಯಲ್ಲಿ ಎಸ್ಸೆಸ್ಸೆಲ್ಸಿ ಪುಸ್ತಕಗಳ ಕಟ್ಟು. "ಶಾಲೆಗೆ ಹೋಗದೆ ಮನೇಲೇ ಓದಿ ಪರೀಕ್ಷೆ ಕಟ್ಟಬಹುದು. ನಾನು ಬಂದು ಹೇಳಿಕೊಡ್ತೀನಿ" ಅಂದರು. ದೇವೀರಿ ಕಾಫಿ ಕೊಟ್ಟಳು. ತಲೆಯೆತ್ತದೆ ಹೇಳಿದಳು:

"ಬೇಡಿ ಸಾರ್. ಓದಿ ಬರೆದ್ಮೇಲೆ ಇನ್ಯಾರಾದ್ರೂ ಒರೆಸಿದ್ರೆ?"

ಮೇಷ್ಟ್ರು ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು, ಪುಸ್ತಕ ಅಲ್ಲೇ ಬಿಟ್ಟು ಹೋದರು. ಅವರು ಹೋದ ಮೇಲೆ ಮಗಳು ನನಗೆ ಹೇಳಿದಳು, "ಆ ದಿನದ ಮಾತು ಇನ್ನು ನನ್ನ ಮುಂದೆ ಎತ್ತಬ್ಯಾಡ ಕಣವ್ವ. ಎತ್ತಿದ್ರೆ ನಾನು ಮನೇಲಿ ಇರಲ್ಲ." ಪುಸ್ತಕಗಳನ್ನು ನಾನು ಟ್ರಂಕಿನಲ್ಲಿಟ್ಟೆ.

ಎಂಬತ್ತೊಂಬತ್ತರ ಶ್ರಾವಣದಲ್ಲಿ ಅಕ್ಕ ಹೇಳಿ ಕಳಿಸಿದಳು: ಪಾವು ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆ, ನಿನ್ನ ಹೆಸರು ಹೇಳುತ್ತಿದ್ದಾರೆ, ಬಾ. ಕುಣಿಗಲ್ಲಿಗೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಹತ್ತಿ ಹೋದೆ. ಬಾಡಿಗೆ ಮನೆ, ಒಂದೇ ಕಿಟಕಿ, ಅದರಲ್ಲಿ ದುರ್ಗದ ಬಂಡೆ ಕಾಣುತ್ತಿತ್ತು. ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಿಟಕಿಯ ಮೇಲೆ ಹಿತ್ತಾಳೆ ಪಾವು ಕಿಲುಬು ಹಿಡಿದು ಕೂತಿತ್ತು.

ತಲೆದಿಂಬಿನ ಕೆಳಗಿಂದ ನೋಟ್ ಬುಕ್ಕು ತೆಗೆಸಿದರು. ಆವತ್ತು ಬೋರ್ಡಿನ ಮೇಲೆ ಮಾರ್ಕು ಬರೆಯುವಾಗ ಅದರಲ್ಲೂ ಬರೆದುಕೊಳ್ಳುತ್ತಿದ್ದರಂತೆ. ನನಗೆ ಓದು ಅಷ್ಟಕ್ಕಷ್ಟೇ, ಆದರೂ ಅಂಕಿ ಗೊತ್ತಾಗುತ್ತದೆ. ನಾಲ್ಕು ಹೆಸರು, ನಾಲ್ಕು ಸಾಲು. ದೇವೀರಿಯ ಸಾಲಿನಲ್ಲಿ ನಲವತ್ತು. ಏಳನೆಯದರ ಕೆಳಗೆ ಖಾಲಿ ಮನೆ.

"ಬೋರ್ಡಿನ ಮೇಲಿದ್ದದ್ದನ್ನ ಒರೆಸ್ದೆ. ಇದನ್ನ ಒರೆಸೋಕೆ ಆಗ್ಲಿಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ. "ಆವತ್ತು ನೀವು ನನ್ನ ಕಡೆ ನೋಡಿದ್ರಿ ಮೇಷ್ಟ್ರೇ. ನಾನು ಬ್ಯಾಡಿ ಅನ್ನಬೇಕಾಗಿತ್ತು. ಅನ್ನಲಿಲ್ಲ" ಅಂದೆ.

"ನೀನು ಅಂದಿದ್ರೂ ಒರೆಸ್ತಿದ್ದೆ ಅನ್ಸುತ್ತೆ" ಅಂದರು. "ಅದಕ್ಕೇ ನೋಡಿದ್ದು. ನೀನು ಏನೂ ಅನ್ನಲ್ಲ ಅಂತ ಗೊತ್ತಿತ್ತು."

ಆ ಮಾತು ನನ್ನನ್ನು ಹಗುರ ಮಾಡಿತೋ ಭಾರ ಮಾಡಿತೋ ಇವತ್ತಿಗೂ ಹೇಳಲಾರೆ. ಗಂಜಿ ಕಾಯಿಸಿ ಎರಡು ಚಮಚ ಕುಡಿಸಿದೆ. ಅದಾಗಿ ಎಂಟು ದಿನಕ್ಕೆ ಅವರು ಹೋಗಿಬಿಟ್ಟರು. ನೋಟ್ ಬುಕ್ಕು ನನ್ನ ಟ್ರಂಕಿನಲ್ಲಿ ಆ ಪುಸ್ತಕಗಳ ಮೇಲೆ ಇದೆ. ದೇವೀರಿಗೆ ಮದುವೆಯಾಯಿತು, ಮಕ್ಕಳಾದವು, ಈಗ ಅವಳೇ ಅಜ್ಜಿ. ಮೇಷ್ಟ್ರು ಕೇಳಿಕೊಂಡದ್ದನ್ನು ನಾನು ಇನ್ನೂ ಮಾಡಿಲ್ಲ. ಎಷ್ಟೋ ಸಲ ಬಾಯಿಯವರೆಗೆ ಬಂದು, ಅವಳ ಮುಖ ನೋಡಿ ನುಂಗಿಕೊಂಡಿದ್ದೇನೆ. ಇದನ್ನೆಲ್ಲ ಹೇಳಿ ಬರೆಸಿಡುತ್ತಿರುವುದೂ ಅದಕ್ಕೇ.

ಆವತ್ತು ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು.

"ಆ ಏಳನೇ ಪ್ರಶ್ನೆ ಅವಳ ಹತ್ರ ಬಂದು ನಿಂತಿತ್ತು ರಂಗಮ್ಮ. ಮಗು ಬಾಯಿ ತೆರೆದಿತ್ತು, ನಾನು ಕೂತ್ಕೋ ಅಂದೆ. ಒಂದ್ಸಲ ಅವಳನ್ನ ಕೇಳು, ಶಿಂಷಾ ಹುಟ್ಟೋದು ಎಲ್ಲಿ ಅಂತ. ಬೇರೆ ಯಾರನ್ನೂ ಕೇಳಬೇಡ. ಈ ಸಲ ಅವಳಿಂದಲೇ ಶುರು ಮಾಡು."